ಬಿ.ಪಿ. ಇಲಿಗಳ ಅನುರಾಧಾ

ಮಗಳು ಅನುರಾಧಾ ಏನು ಕೆಲಸ ಮಾಡುತ್ತಾಳೆ ಎಂದು ಹುನ್ನೂರಿನಲ್ಲಿ ಯಾರಾದರೂ ಕೇಳಿದರೆ ಸಿದ್ದಕ್ಕ, "ಮುಧೋಳ ಕಾಲೇಜದಾಗ ಇಲಿ ನೋಡ್ಕೊಂತಾಳ" ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಮತ್ತೂ ಕೇಳಿದರೆ, "ಅವಕ್ಕೂ ಬಿ.ಪಿ. ಬರತೈತಂತ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಸಿದ್ದಕ್ಕ ನಗುತ್ತಿರಲಿಲ್ಲ. ಅವಳಿಗೇ ಬಿ.ಪಿ. ಇತ್ತು.

ಅನುರಾಧಾಳ ಅಪ್ಪ ಅಮಸಿದ್ದಪ್ಪ ಮೊದಲು ಕುರಿ ಸಾಕುತ್ತಿದ್ದ. ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಬೀಳಗಿ ಕಡೆಯ ಹಿನ್ನೀರಿನ ದಂಡೆಗೆ ಹೋದರೆ ತಿಂಗಳುಗಟ್ಟಲೆ ಮನೆಯ ಕಡೆ ಸುಳಿಯುತ್ತಿರಲಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಹಿಂಡು ಮಾರಿ, ಇದ್ದ ಹೊಲಕ್ಕೆ ಕಬ್ಬು ಹಚ್ಚಿದ. ಅನುರಾಧಾ ಆಗ ಹೈಸ್ಕೂಲಿನಲ್ಲಿದ್ದಳು. ಮರಿಗಳ ಬಾಯಿ ಬಿಡಿಸಿ ಔಷಧ ಹಾಕುವುದು, ಕಾಲು ಕಟ್ಟಿ ಹಿಡಿಯುವುದು ಅವಳಿಗೆ ಆಟದಷ್ಟೇ ರೂಢಿಯಾಗಿತ್ತು. ಪ್ರಾಣಿಗಳ ಭಯ ಅವಳಿಗಿರಲಿಲ್ಲ. ಹಾಗೆಂದು ವಿಶೇಷ ಅಕ್ಕರೆಯೂ ಇರಲಿಲ್ಲ.

ಜಮಖಂಡಿಯಲ್ಲಿ ಔಷಧಶಾಸ್ತ್ರದ ಡಿಪ್ಲೊಮಾ ಮುಗಿಸಿದ ಮೇಲೆ ಅವಳು ಬನಹಟ್ಟಿಯ ಒಂದು ಔಷಧ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಸುತ್ತಲಿನ ಓಣಿಗಳಲ್ಲೆಲ್ಲ ಮಗ್ಗಗಳು. ಮುಂಜಾನೆಯಿಂದ ಸಂಜೆಯವರೆಗೆ ಅವುಗಳ ಸದ್ದಿನ ಮೇಲೆಯೇ ಗಿರಾಕಿಗಳು ಕೂಗಿ ಔಷಧ ಕೇಳುತ್ತಿದ್ದರು. ಅಲ್ಲಿಗೆ ಬರುವವರಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಅನಸವ್ವ ಎಂಬಾಕೆಯೂ ಒಬ್ಬಳು. ಗಂಡನ ಬಿ.ಪಿ. ಗುಳಿಗೆಯ ಹಾಳೆಯನ್ನು ಆಕೆ ಒಯ್ಯುತ್ತಿದ್ದಳು. ಒಂದು ತಿಂಗಳಿಗೆ ಆಗಬೇಕಾದದ್ದು ಅರ್ಧ ತಿಂಗಳಿಗೇ ತೀರುತ್ತಿತ್ತು.

"ಯಾಕ್ರಿ, ಡಬಲ್ ತಗೊಳ್ಳಾಕತ್ತಾರೇನು ಅವರು?" ಎಂದು ಅನುರಾಧಾ ಒಂದು ದಿನ ಕೇಳಿದಳು.

"ಇಲ್ಲವಾ, ನಾನೂ ತಗೋತೇನಿ. ನನಗೂ ಬಿ.ಪಿ. ಐತಿ ಅಂತ ಹೇಳ್ಯಾರ. ಇಬ್ಬರಿಗೂ ಅದ ರೋಗ, ಗುಳಿಗಿ ಯಾಕ ಬ್ಯಾರೆ ಬೇಕು?"

ಡಾಕ್ಟರಿಗೆ ತೋರಿಸದೆ ತೆಗೆದುಕೊಳ್ಳಬಾರದು ಎಂದು ಅನುರಾಧಾ ಹೇಳಿದಳು. ಅನಸವ್ವ ಮರುವಾರ ತೋರಿಸಿಕೊಂಡು ಬಂದಳು. ಡಾಕ್ಟರು ಅದೇ ಗುಳಿಗೆಯನ್ನು ಅದೇ ಪ್ರಮಾಣದಲ್ಲಿ ಬರೆದುಕೊಟ್ಟಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಪುಸ್ತಕಗಳಲ್ಲೂ ಹಾಗೆಯೇ ಇತ್ತು. ಆದರೆ ಗಂಡನ ಒತ್ತಡ ಇಳಿಯಿತು, ಅನಸವ್ವನದು ಇಳಿಯಲಿಲ್ಲ. ಯಾಕೆ ಎಂದು ಅನುರಾಧಾಗೆ ಗೊತ್ತಾಗಲಿಲ್ಲ. ಅನಸವ್ವ ಉಪ್ಪು ಹೆಚ್ಚು ತಿನ್ನುತ್ತಿದ್ದಿರಬಹುದು, ಗುಳಿಗೆ ಮರೆಯುತ್ತಿದ್ದಿರಬಹುದು. ಸೊಂಟದ ನೋವಿಗೆ ಆಕೆ ಒಯ್ಯುತ್ತಿದ್ದ ನೋವಿನ ಗುಳಿಗೆಗಳೂ ಒತ್ತಡವನ್ನು ಏರಿಸಬಲ್ಲವು. ಇನ್ನೂ ಬೇರೆ ಏನಾದರೂ ಇದ್ದರೂ ಇದ್ದೀತು.

ಎರಡು ವರ್ಷದ ನಂತರ ಅವಳು ಅಂಗಡಿ ಬಿಟ್ಟು ಮತ್ತೆ ಓದಲು ಹೋದಳು. ಪದವಿ, ಸ್ನಾತಕೋತ್ತರ ಪದವಿ ಎರಡನ್ನೂ ಮುಗಿಸಿ, ಮುಧೋಳದ ಹೊರಗಿರುವ ಒಂದು ಖಾಸಗಿ ಕಾಲೇಜಿನಲ್ಲಿ ಪಿಎಚ್.ಡಿ.ಗೆ ಸೇರಿಕೊಂಡಳು. ಅಷ್ಟರಲ್ಲಿ ಮಾಳಿಂಗರಾಯನ ಜೊತೆ ಮದುವೆಯಾಗಿತ್ತು. ಅವನು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವ ಕೆಲಸದಲ್ಲಿದ್ದ. ಮುಧೋಳದಲ್ಲಿ ಬಾಡಿಗೆ ಮನೆ ಮಾಡಿದರು.

ಅವಳ ಮಾರ್ಗದರ್ಶಕರು ಡಾ. ಬಸವಕುಮಾರ. ಪಾಠ ಚೆನ್ನಾಗಿ ಮಾಡುತ್ತಿದ್ದರು, ವಿದ್ಯಾರ್ಥಿಗಳನ್ನು ಬೈಯುತ್ತಿರಲಿಲ್ಲ. ಒಂದೇ ದೋಷವೆಂದರೆ ಅವಸರ. ಕೈಗೆತ್ತಿಕೊಂಡದ್ದು ಮುಗಿಯುವವರೆಗೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಮುಗಿದ ಮೇಲೆ ಅದರ ನೆನಪೂ ಇರುತ್ತಿರಲಿಲ್ಲ.

ಅವರ ಬಳಿ ಇದ್ದದ್ದು ಒಂದು ವಿಶೇಷ ತಳಿಯ ಇಲಿಗಳ ಮೇಲಿನ ಕೆಲಸ. ಬಿಳಿ ಮೈ, ಕೆಂಪು ಕಣ್ಣು. ಹುಟ್ಟಿದಾಗ ಎಲ್ಲ ಇಲಿಗಳಂತೆಯೇ ಇರುತ್ತವೆ. ಬೆಳೆಯುತ್ತ ಹೋದಂತೆ, ಯಾರೂ ಏನೂ ಮಾಡದಿದ್ದರೂ, ಅವುಗಳ ರಕ್ತದೊತ್ತಡ ತಾನಾಗಿಯೇ ಏರುತ್ತದೆ. ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ತುಸು ಕಡಿಮೆ. ಒತ್ತಡ ಏರಿದ ದೇಹದಲ್ಲಿ ರಕ್ಷಣಾ ಕಣಗಳು ಕಿಡ್ನಿಯಲ್ಲಿ, ರಕ್ತನಾಳಗಳ ಗೋಡೆಯಲ್ಲಿ ಬಂದು ಕೂಡುತ್ತವೆ. ಗಾಯವಿಲ್ಲದ ಜಾಗದಲ್ಲಿ ಗಾಯವಾದಂತೆ ಸಣ್ಣಗೆ ಉರಿ ನಡೆದೇ ಇರುತ್ತದೆ. ಇದೇ ಉರಿಯೂತ. ಈ ಉರಿಯನ್ನು ತಣಿಸಿದರೆ ಒತ್ತಡವೂ ಇಳಿದೀತೇ ಎಂಬುದು ಬಸವಕುಮಾರರ ಪ್ರಶ್ನೆ. ಇದಕ್ಕೆ ಅವರು ಆರಿಸಿಕೊಂಡದ್ದು ಉರಿಯೂತಕ್ಕೆ ಸಾಮಾನ್ಯವಾಗಿ ಕೊಡುವ ನೋವಿನ ಗುಳಿಗೆಯನ್ನಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡವರ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಎಂದು ಕೊಡುವ, ರಕ್ಷಣಾ ಕಣಗಳನ್ನೇ ತಗ್ಗಿಸುವ ಒಂದು ಬಲವಾದ ಔಷಧವನ್ನು.

ಯೋಜನೆಯಲ್ಲಿ ಗಂಡಿಲಿಗಳು ಮಾತ್ರ ಇದ್ದವು. ಅನುರಾಧಾ ಅದನ್ನು ಓದಿ ಅವರ ಕೋಣೆಗೆ ಹೋದಳು.

"ಸರ್, ಹೆಣ್ಣಿಲಿನೂ ತಗೊಳ್ಳೋಣ್ರಿ."

"ಯಾಕ?" ಬಸವಕುಮಾರ ಕೇಳಿದರು. "ಹೆಣ್ಣಿಲಿ ತಗೊಂಡ್ರ ತ್ರಾಸ ನೋಡು. ನಾಕೈದು ದಿನಕ್ಕೊಮ್ಮೆ ಅವುಗಳ ಹಾರ್ಮೋನು ಏರತಾವು, ಇಳೀತಾವು. ಅಂಕಿ ಒಂದ ಕಡೆ ನಿಲ್ಲಂಗಿಲ್ಲ. ಎಲ್ಲಾರೂ ಗಂಡ ತಗೋತಾರ."

"ಎಲ್ಲಾರೂ ಗಂಡ ತಗೊಂಡ್ರ ಹೆಣ್ಣಿನ್ದು ಗೊತ್ತಾಗೋದ್ಯಾವಾಗ್ರಿ? ಅಂಗಡ್ಯಾಗ ಬಿ.ಪಿ. ಗುಳಿಗಿ ತಗೊಳ್ಳಾಕ ಬರೋರಾಗ ಅರ್ಧ ಹೆಂಗಸರ ಇರತಾರ."

ಬಸವಕುಮಾರ ಯೋಜನೆಯ ಹಾಳೆ ತಿರುವಿ ಇಲಿಗಳ ಸಂಖ್ಯೆಯ ಮೇಲೆ ಬೆರಳಿಟ್ಟರು. "ಕೆಲಸ ಎರಡರಷ್ಟ ಆಕ್ಕೈತಿ."

"ಮಾಡ್ತೇನ್ರಿ."

"ಆತು. ಹಂಗಾದ್ರ ತರಿಸು. ಅರ್ಧಕ್ಕ ಬಿಡಬಾರದ ಮತ್ತ."

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿ ಒಂದೆರಡು ಪ್ರಶ್ನೆ ಕೇಳಿ ಸಮ್ಮತಿಸಿತು. ಇಲಿಗಳು ಹೈದರಾಬಾದಿನಿಂದ ಬಂದವು. ಅವುಗಳ ಕೋಣೆ ಕಾಲೇಜಿನ ಹಿಂಭಾಗದಲ್ಲಿತ್ತು. ಒಳಗೆ ಹಗಲೂ ರಾತ್ರಿ ತಂಪು ಯಂತ್ರ ನಡೆಯುತ್ತಿತ್ತು, ದೀಪಗಳು ಹೊತ್ತಿಗೆ ಸರಿಯಾಗಿ ಹತ್ತಿ ಆರುತ್ತಿದ್ದವು. ಹೊರಗೆ ಏಪ್ರಿಲ್ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತಿದ್ದಾಗ ಊರಿನಲ್ಲಿ ಸುಖವಾಗಿದ್ದದ್ದು ಆ ಇಲಿಗಳು ಮಾತ್ರ ಎಂದು ಮಾಳಿಂಗರಾಯ ಹೇಳುತ್ತಿದ್ದ. ಎಡಗಡೆಯ ಹಲಗೆಗಳ ಮೇಲೆ ಗಂಡಿಲಿಗಳ ಪಂಜರ, ಬಲಗಡೆ ಹೆಣ್ಣಿಲಿಗಳದ್ದು. ಎರಡೂ ಕಡೆ ಅರ್ಧಕ್ಕೆ ಔಷಧ, ಅರ್ಧಕ್ಕೆ ಬರೀ ನೀರು.

ಇಲಿಯ ಬಿ.ಪಿ. ನೋಡುವುದು ಬಾಲದಲ್ಲಿ. ಪಾರದರ್ಶಕ ಕೊಳವೆಯೊಳಗೆ ಇಲಿಯನ್ನು ಬಿಟ್ಟು, ಬಾಲವನ್ನು ಹೊರಗೆಳೆದು, ಬೆಚ್ಚಗೆ ಮಾಡಿ, ಮನುಷ್ಯರ ತೋಳಿಗೆ ಕಟ್ಟುವಂಥದೇ ಪಟ್ಟಿಯನ್ನು ಉಂಗುರದಷ್ಟು ಸಣ್ಣದಾಗಿ ಮಾಡಿ ತೊಡಿಸುತ್ತಾರೆ. ಇಲಿ ಗಾಬರಿಯಾದರೆ ಅಂಕಿ ಏರುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಅನುರಾಧಾ ಅವುಗಳನ್ನು ಕೊಳವೆಗೆ ರೂಢಿ ಮಾಡಿಸಿದಳು. ಗಂಡಿಲಿಗಳು ಬೇಗ ಒಗ್ಗಿಕೊಂಡವು. ಹೆಣ್ಣಿಲಿಗಳು ಸಣ್ಣವು, ಚುರುಕು, ತಿರುಗಿ ಕಚ್ಚುವವು. ಅವಳ ತೋರುಬೆರಳಿಗೆ ಎರಡು ಸಲ ಹಲ್ಲು ಇಳಿದವು. ಅವಳು ತೊಳೆದುಕೊಂಡು ಇನ್ನೊಂದು ಗ್ಲೌಸ್ ಹಾಕಿಕೊಂಡಳು.

ಕೆಲಸವನ್ನು ಎರಡು ಸುತ್ತಿನಲ್ಲಿ ಮಾಡಬೇಕಿತ್ತು, ಯಾಕೆಂದರೆ ಅಷ್ಟೂ ಇಲಿಗಳಿಗೆ ಒಮ್ಮೆಲೇ ಜಾಗವಿರಲಿಲ್ಲ. ಮೊದಲ ಸುತ್ತಿನ ಕೊನೆಗೆ ಔಷಧ ತಿಂದ ಗಂಡಿಲಿಗಳ ಒತ್ತಡ ಇಳಿದಿತ್ತು. ಹೆಣ್ಣಿಲಿಗಳದ್ದು ಅದಕ್ಕಿಂತ ಹೆಚ್ಚು ಇಳಿದಂತೆ ಕಾಣುತ್ತಿತ್ತು. ಆದರೆ ಅಷ್ಟು ಕಡಿಮೆ ಇಲಿಗಳನ್ನು ನೋಡಿ ಏನನ್ನೂ ಖಚಿತವಾಗಿ ಹೇಳಲಾಗುತ್ತಿರಲಿಲ್ಲ. ಎರಡನೇ ಸುತ್ತಿನ ಇಲಿಗಳು ಬಂದವು. ಅವುಗಳಿಗೆ ಔಷಧ ಶುರುವಾಗಿ ಸ್ವಲ್ಪ ದಿನಕ್ಕೆ ಅನುರಾಧಾ ತಾನು ಬಸುರಿ ಎಂದು ತಿಳಿದುಕೊಂಡಳು.

ಮರುದಿನ ಮುಂಜಾನೆ ಅವಳು ಇಲಿಗಳ ಕೋಣೆಗೆ ಹೋಗದೆ ಸೀದಾ ಬಸವಕುಮಾರರ ಬಳಿ ಹೋದಳು.

"ಸರ್, ನಾ ಇವತ್ತಿಂದ ಒಳಗ ಹೋಗಂಗಿಲ್ರಿ. ಬಸುರಾಗೇನಿ."

ಬಸವಕುಮಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಔಷಧವನ್ನು ಬಸುರಿಯರು ಮುಟ್ಟಬಾರದು. ಗರ್ಭದಲ್ಲಿರುವ ಮಗುವಿನ ಕಿವಿ, ತುಟಿ, ಹೃದಯ ಸರಿಯಾಗಿ ಕೂಡದೇ ಹೋಗಬಹುದು. ಡಬ್ಬಿಯ ಮೇಲೆಯೇ ಹಾಗೆ ಅಚ್ಚು ಹಾಕಿರುತ್ತಾರೆ.

"ಪುಡಿ ನೀನ ಕಲಸ್ತಿದ್ದಿ?"

"ಹೌದ್ರಿ. ನಾನ."

"ಗ್ಲೌಸು, ಮಾಸ್ಕು?"

"ಎರಡೂ ಹಾಕ್ಕೊಂಡೇನ್ರಿ. ಆದ್ರ ಪುಡಿ ಐತಲ್ರಿ ಅದು."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, "ಮನಿಗಿ ಹೋಗು. ಒಳಗಿಂದು ಸೌಂದರ್ಯಾ ನೋಡ್ಕೋತಾಳ" ಎಂದರು. ಸೌಂದರ್ಯಾ ಅವರಲ್ಲಿಗೆ ಹೊಸದಾಗಿ ಸೇರಿದ್ದ ಸಂಶೋಧನಾ ವಿದ್ಯಾರ್ಥಿನಿ. ಅವಳಿಗೂ ಅವಳದೇ ಆದ ಪ್ರಯೋಗವಿತ್ತು. ಆದರೂ ಇಲ್ಲವೆನ್ನಲಿಲ್ಲ.

ಮುಂದಿನ ತಿಂಗಳುಗಳನ್ನು ಅನುರಾಧಾ ಹೇಗೆ ಕಳೆದಳು ಎಂಬುದು ಮಾಳಿಂಗರಾಯನಿಗೆ ಮಾತ್ರ ಗೊತ್ತು. ಅವಳು ಅಳಲಿಲ್ಲ, ಡಾಕ್ಟರಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಲೂ ಇಲ್ಲ. ತಾಯಿಗೆ ಈ ಔಷಧದ ವಿಷಯವೇ ತಿಳಿಯದಂತೆ ನೋಡಿಕೊಂಡಳು. ಊಟ ಮಾಡುತ್ತ ಕುಳಿತವಳು ನಡುವೆ ಕೈ ತೊಳೆದುಕೊಂಡು ಬರುತ್ತಿದ್ದಳು. ಒಂದು ಸಲ ಮಾಳಿಂಗರಾಯ, "ಎಷ್ಟ ಸಲ ತೊಳೀತಿ? ಈಗ ಕೈಯಾಗೇನಿಲ್ಲ" ಎಂದ. "ಗೊತ್ತೈತಿ" ಎಂದು ಹೇಳಿ ಮತ್ತೆ ತೊಳೆದುಕೊಂಡಳು.

ಐದನೇ ತಿಂಗಳಿನಲ್ಲಿ ಜಮಖಂಡಿಯ ಹೆರಿಗೆ ಡಾಕ್ಟರು ಪೂನಮ್ ಸ್ಕ್ಯಾನ್ ಮಾಡಿದರು. ಅನುರಾಧಾ ಮಗುವಿನ ಎದೆಬಡಿತ ಕೇಳಲಿಲ್ಲ, ಮೊದಲು ತುಟಿ ತೋರಿಸಿ ಎಂದಳು. ಪೂನಮ್ ತೋರಿಸಿದರು. ಆಮೇಲೆ ಕಿವಿ. ಎರಡೂ ಕಿವಿ. ಹೃದಯದ ನಾಲ್ಕೂ ಕೋಣೆ.

"ಎಲ್ಲಾ ಛಲೋ ಐತಿ" ಎಂದರು ಪೂನಮ್. "ನೀವು ಒಳಗ ತಗೊಂಡಿಲ್ಲ, ಬರೀ ಮುಟ್ಟೀರಿ, ಅದೂ ಗ್ಲೌಸ್ ಹಾಕ್ಕೊಂಡು. ಇನ್ನ ಆ ಚಿಂತಿ ಬಿಡ್ರಿ."

ಆ ಚಿಂತೆ ಅಲ್ಲಿಗೆ ಬಿಟ್ಟಿತು. ಮುಂದೆ ಬಂದದ್ದು ಬೇರೆ.

ಏಳನೇ ತಿಂಗಳಿಗೆ ಹುನ್ನೂರಿನಲ್ಲಿ ಕುಬಸ, ಅಂದರೆ ಬಸುರಿಯ ಸೀಮಂತ, ಇಟ್ಟುಕೊಂಡರು. ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಬಳೆ ಇಡಿಸಲು ಪಕ್ಕದ ಓಣಿಯ ಪದ್ಮವ್ವ ಬಂದಿದ್ದಳು. ವರ್ಷಗಳಿಂದ ಆ ಮನೆಯವರಿಗೆಲ್ಲ ಬಳೆ ಇಡಿಸಿದವಳು. ಅನುರಾಧಾಳ ಕೈ ಹಿಡಿದು ಒತ್ತಿ ಒತ್ತಿ ನೋಡಿದಳು. ತಂದಿದ್ದ ಅಳತೆಯ ಬಳೆ ಗೆಣ್ಣು ದಾಟಲಿಲ್ಲ. ಅದಕ್ಕಿಂತ ದೊಡ್ಡದೂ ದಾಟಲಿಲ್ಲ.

"ಕೈ ಬಾತಾವು ಸಿದ್ದಕ್ಕ" ಎಂದಳು ಪದ್ಮವ್ವ. "ಮಾರೀನೂ ಬಾತೈತಿ ನೋಡು."

"ಬಸುರ ಅಂದ್ರ ಬಾಯೋದ ಐತಿ" ಎಂದು ಹಿಂದೆ ಕುಳಿತ ಯಾರೋ ಅಂದರು.

ಸಿದ್ದಕ್ಕ ಮಗಳ ಮುಖವನ್ನು ಹತ್ತಿರದಿಂದ ನೋಡಿದಳು. "ತಲಿ ನೋಯಾಕತ್ತೈತೇನ ನಿನಗ?"

ಅನುರಾಧಾ ಕೆಲವು ದಿನಗಳಿಂದ ತಲೆ ನೋಯುತ್ತಿದೆ ಎಂದಳು. ನಿದ್ದೆ ಇಲ್ಲದ್ದಕ್ಕೆ ಇರಬೇಕು ಎಂದುಕೊಂಡಿದ್ದಳು. ದಿನಾ ಇಲಿಗಳ ಬಿ.ಪಿ. ನೋಡಿದವಳು ತನ್ನದನ್ನು ನೋಡಿಕೊಳ್ಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಹಿಂದಿನ ತಪಾಸಣೆಯಲ್ಲಿ ಎಲ್ಲ ಸರಿಯಾಗಿತ್ತು. ಸಿದ್ದಕ್ಕ ಮುಂದಿನ ಶಾಸ್ತ್ರಕ್ಕೆ ಕಾಯಲಿಲ್ಲ. ಆರತಿ ತಟ್ಟೆ ಕೆಳಗಿಟ್ಟು ಮಾಳಿಂಗರಾಯನನ್ನು ಕರೆದಳು. ಹಸಿರು ಸೀರೆಯಲ್ಲಿಯೇ ಅನುರಾಧಾಳನ್ನು ಜಮಖಂಡಿಗೆ ಕರೆದೊಯ್ದರು. ಕರೆದಿದ್ದ ಜನ ಊಟ ಮಾಡಿ ಹೋದರು.

ಪೂನಮ್ ಮೂರು ಸಲ ಒತ್ತಡ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಗರ್ಭಿಣಿಯರಿಗೆ ಬರುವ ಬಿ.ಪಿ. ಇದು ಎಂದರು. ತಾಯಿಗೂ ಮಗುವಿಗೂ ಅಪಾಯವಿರುವಂಥದು. ಅಲ್ಲಿಯೇ ಮಲಗಿಸಿಕೊಂಡು ಒಂದು ಗುಳಿಗೆ ಶುರು ಮಾಡಿದರು. ಅನುರಾಧಾ ಗುಳಿಗೆಯ ಹೆಸರು ಕೇಳಿದಳು. ಅದು ಹಳೆಯ ಔಷಧ. ಅದಕ್ಕಿಂತ ಹೊಸವು, ಬಲವಾದವು ಎಷ್ಟೋ ಇದ್ದವು.

"ಇದ ಯಾಕ್ರಿ? ಬ್ಯಾರೆ ಯಾಕ ಅಲ್ಲ?"

"ಕೆಲವು ಕೂಸಿಗೆ ಕೆಟ್ಟ ಅಂತ ಗೊತ್ತೈತಿ. ಉಳಿದವನ್ನ ಬಸುರಿಗೆ ಕೊಟ್ರ ಏನಾಕ್ಕೈತಿ ಅಂತ ಯಾರೂ ಸರಿಯಾಗಿ ನೋಡಿಲ್ಲ" ಎಂದರು ಪೂನಮ್. "ಕೊಡಬಹುದು ಅಂತ ಗೊತ್ತಿರೋವು ಕೈಬೆರಳಿನಾಗ ಎಣಿಸುವಷ್ಟ ಅದಾವು. ಅದರಾಗಿಂದು ಕೊಡ್ತೇವಿ."

"ಯಾಕ ನೋಡಿಲ್ರಿ?"

ಪೂನಮ್ ಚೀಟಿ ಬರೆಯುತ್ತಿದ್ದವರು ನಿಲ್ಲಿಸಿ ಅವಳನ್ನು ನೋಡಿದರು. "ಅದನ್ನ ನೀವ ಹೇಳಬೇಕ್ರಿ. ಇಲಿ ನೋಡೋರು ನೀವು."

ಅವರು ಅದನ್ನು ಚುಚ್ಚಿ ಹೇಳಿದ್ದಲ್ಲ. ಅನುರಾಧಾ ಗೋಡೆಯ ಕಡೆ ಹೊರಳಿ ಮಲಗಿದಳು.

ಗುಳಿಗೆಗೆ ಒತ್ತಡ ಕೆಲವು ದಿನ ಹತೋಟಿಯಲ್ಲಿ ನಿಂತಿತು, ಆಮೇಲೆ ಮತ್ತೆ ಏರಿತು. ಸಣ್ಣ ಶಿಶುಗಳ ಆರೈಕೆ ಬಾಗಲಕೋಟೆಯಲ್ಲಿ ಚೆನ್ನಾಗಿ ಆಗುತ್ತದೆ ಎಂದು ಪೂನಮ್ ಅಲ್ಲಿಗೆ ಕಳಿಸಿದರು. ದಾರಿಯಲ್ಲಿ ಲೋಕಾಪುರದ ಬಳಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಆಂಬುಲೆನ್ಸ್ ಚಾಲಕ ಇಳಿದು ಹೋಗಿ ಒಬ್ಬೊಬ್ಬರಿಗೂ ಹೇಳಿ ಪಕ್ಕಕ್ಕೆ ಸರಿಸಬೇಕಾಯಿತು. ಅನುರಾಧಾಗೆ ಕಣ್ಣು ಮಂಜಾಗಿದ್ದವು. ಅಷ್ಟೂ ಹೊತ್ತು ಅವಳು ಮಾಳಿಂಗರಾಯನ ಕೈ ಹಿಡಿದುಕೊಂಡಿದ್ದಳು ಎಂದು ಅವನು ಹೇಳುತ್ತಾನೆ. ಅವಳಿಗೆ ಅದು ನೆನಪಿಲ್ಲ.

ಆ ದಿನವೇ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ತೆಗೆದರು. ಹೆಣ್ಣುಮಗು. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಸಣ್ಣದು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅನುರಾಧಾಗೆ ಎದ್ದು ನಡೆಯಲು ಬಂದ ಮೇಲೆ ಕೈ ಒಳಗೆ ಹಾಕಿ ಮುಟ್ಟಲು ಬಿಟ್ಟರು. ಅವಳು ಮೊದಲು ಕಿವಿ ಮುಟ್ಟಿದಳು. ಮಗು ಬದುಕಿತು. ಮಾಯಾ ಎಂದು ಹೆಸರಿಟ್ಟರು. ತಮ್ಮ ಮನೆದೇವರು ಬೀರೇಶ್ವರನ ಅಕ್ಕನ ಹೆಸರು ಎಂದು ಸಿದ್ದಕ್ಕ ಮಾತ್ರ ಮಾಯವ್ವ ಎಂದೇ ಕರೆಯುತ್ತಾಳೆ.

ಕೆಲವು ತಿಂಗಳ ನಂತರ ಅನುರಾಧಾ ಕಾಲೇಜಿಗೆ ಹೋದಳು. ಔಷಧ ಇಡುವ ಕಡೆ ಹೋಗಬೇಕೆಂದಿರಲಿಲ್ಲ. ಬಾಗಿಲಲ್ಲಿ ನಿಂತು ಇಲಿಗಳನ್ನು ನೋಡಿ ಬರಬೇಕೆಂದುಕೊಂಡಿದ್ದಳು. ಗಾಜಿನಿಂದ ಒಳಗೆ ನೋಡಿದಾಗ ಎಡಗಡೆ ಸೌಂದರ್ಯಾಳ ಹೊಸ ಇಲಿಗಳಿದ್ದವು. ಬಲಗಡೆಯ ಪಂಜರಗಳನ್ನು ತೊಳೆದು ಬೋರಲು ಹಾಕಿದ್ದರು.

ಸೌಂದರ್ಯಾ ಹೊರಗೆ ಬಂದು ಮಾಸ್ಕ್ ಇಳಿಸಿದಳು. "ಅಕ್ಕಾ, ನಿಮಗ ಹೇಳಬೇಕಂತ ಭಾಳ ಸಲ ಫೋನ್ ತಗೊಂಡ್ನಿ. ದವಾಖಾನ್ಯಾಗ ಇದ್ರಿ. ಹೆಂಗ ಹೇಳೋದು?"

"ಗಂಡು ಮುಗದ್ವೇನು?"

"ಗಂಡು ಪೂರ್ತಿ ಮುಗಸಿದ್ನಿ. ಎರಡೂ ನನ್ನ ಕಡಿಂದ ಆಗಲಿಲ್ರಿ. ಹೆಣ್ಣಿಂದು ನಡುವ ಔಷಧ ತಪ್ಪಿತು. ತಪ್ಪಿದ ಮ್ಯಾಲೆ ಇಟ್ಕೊಂಡು ಉಪಯೋಗಿಲ್ಲ ಅಂತ ಸರ್ ಅಂದ್ರು. ಅವನ್ನ ತಗದಬಿಟ್ವಿ."

ಅನುರಾಧಾ ಅವಳನ್ನು ಬೈಯಲಿಲ್ಲ. ಬೈಯುವಂಥದೇನೂ ಇರಲಿಲ್ಲ. ಪ್ರಯೋಗದ ಇಲಿಗಳು ಹೇಗೂ ಕೊನೆಗೆ ಸಾಯಬೇಕಾದವು. ಅವುಗಳ ಕಿಡ್ನಿಯಲ್ಲಿ ಏನಾಗಿದೆ ಎಂದು ನೋಡಬೇಕಾದರೆ ಬೇರೆ ದಾರಿಯಿಲ್ಲ. ಆದರೆ ಇವು ಏನನ್ನೂ ತಿಳಿಸದೆ ಸತ್ತಿದ್ದವು.

ಬಸವಕುಮಾರ ಅವಳನ್ನು ಕೂರಿಸಿ ಮಗುವಿನ ವಿಷಯ ಕೇಳಿದರು. ಆಮೇಲೆ ಒಂದು ಲೇಖನದ ಕರಡನ್ನು ಮುಂದಿಟ್ಟರು. ಗಂಡಿಲಿಗಳ ಫಲಿತಾಂಶವಿತ್ತು. ಮೊದಲ ಹೆಸರು ಅವಳದೇ.

"ಇದನ್ನ ಕಳಸೋಣು. ಇದರ ಮ್ಯಾಲೆ ಥೀಸಿಸ್ ಬರಿ. ಈ ವರ್ಷ ಮುಗೀತೈತಿ."

ಅನುರಾಧಾ ಶೀರ್ಷಿಕೆ ಓದಿದಳು. ಅಧಿಕ ಒತ್ತಡದ ಇಲಿಗಳಲ್ಲಿ ಉರಿಯೂತ ತಗ್ಗಿಸುವ ಔಷಧದ ಪರಿಣಾಮ ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ.

"ಗಂಡಿಲಿ ಅಂತ ಹಾಕಬೇಕಲ್ರಿ ಸರ್."

"ಒಳಗ ವಿಧಾನದಾಗ ಐತಿ ಅದು."

"ಮ್ಯಾಲೂ ಹಾಕೋಣ್ರಿ. ಓದಿದವರು ಎಲ್ಲಾ ಇಲಿ ಅಂತ ತಿಳೀತಾರ."

"ಎಲ್ಲಾರೂ ಹಂಗ ಬರೀತಾರ. ಒಂದ ಶಬ್ದಕ್ಕ ಏನಾಕ್ಕೈತಿ?"

"ಒಂದ ಶಬ್ದ ಐತ್ರಿ. ಹಾಕೋದಕ್ಕೇನಾಕ್ಕೈತಿ?"

ಬಸವಕುಮಾರರಿಗೆ ಬೇಸರವಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ಅವಳ ಕಷ್ಟದ ಕಾಲದಲ್ಲಿ ಕೆಲಸ ನಿಲ್ಲದಂತೆ ನೋಡಿಕೊಂಡದ್ದು ಯಾರು ಎಂದು ಕೇಳಿದರು. ಅದು ನಿಜವೂ ಆಗಿತ್ತು. ಅನುರಾಧಾ ಅದಕ್ಕೆ ನಿಮಗೆ ಋಣಿಯಾಗಿದ್ದೇನೆ ಎಂದಳು. ಶಬ್ದದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಕೊನೆಗೆ ಅವರು ಪೆನ್ನು ತೆಗೆದು ಆ ಶಬ್ದ ಸೇರಿಸಿದರು.

ಮನೆಯಲ್ಲಿ ಮಾಳಿಂಗರಾಯ ಎಲ್ಲ ಕೇಳಿದ. "ಬರೆದು ಮುಗಿಸಿಬಿಡು" ಎಂದ. "ಗಂಡಿಂದು ಸುಳ್ಳೇನಲ್ಲಲ್ಲ."

"ಸುಳ್ಳಲ್ಲ. ಅರ್ಧ."

"ಅರ್ಧಕ್ಕ ಪಿಎಚ್.ಡಿ. ಕೊಡತಾರೋ ಇಲ್ಲೋ?"

"ಕೊಡತಾರ."

"ಮತ್ತ?"

ಅವಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. ಪ್ರಬಂಧ ಬರೆಯಲು ಅವಳು ಶುರು ಮಾಡಲೂ ಇಲ್ಲ, ಮಾಡುವುದಿಲ್ಲ ಎಂದೂ ಹೇಳಲಿಲ್ಲ. ಮಳೆಗಾಲ ಹೀಗೇ ಕಳೆಯಿತು.

ಲೇಖನಕ್ಕೆ ಸಂಶೋಧನಾ ಪತ್ರಿಕೆಯಿಂದ ಉತ್ತರ ಬಂತು. ಅದನ್ನು ಓದಿದ ತಜ್ಞರಿಬ್ಬರಲ್ಲಿ ಒಬ್ಬರು ಒಪ್ಪಿದ್ದರು. ಇನ್ನೊಬ್ಬರು, ಶೀರ್ಷಿಕೆಯಲ್ಲಿ ಗಂಡು ಎಂದಿದೆ, ಹೆಣ್ಣಿಲಿಗಳಲ್ಲಿ ಏನಾಗುತ್ತದೆ ಎಂದು ಕೇಳಿದ್ದರು. ಬಸವಕುಮಾರ ಅನುರಾಧಾಗೆ ಫೋನ್ ಮಾಡಿದರು. ಮೊದಲು ಅವರ ದನಿಯಲ್ಲಿ ಸಿಟ್ಟಿತ್ತು. ಆ ಶಬ್ದ ಹಾಕದಿದ್ದರೆ ಕೇಳುತ್ತಲೇ ಇರಲಿಲ್ಲ ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹೆಣ್ಣಿಂದು ಮತ್ತ ಮಾಡ್ತಿಯೇನು?" ಎಂದು ಕೇಳಿದರು.

"ಮಾಡ್ತೇನ್ರಿ. ಆದ್ರ ಈಗಲ್ಲ. ಕೂಸು ಹಾಲು ಕುಡಿಯೋದ ಬಿಡಲಿ."

"ಅಂದ್ರ ಒಂದ ವರ್ಷ ಹೋತು."

"ಹೋತ್ರಿ."

ಹೀಗೆ ಒಂದು ವರ್ಷ ಹೋಯಿತು. ಸಮಿತಿಯ ಒಪ್ಪಿಗೆಯನ್ನು ಮತ್ತೆ ತೆಗೆದುಕೊಂಡರು. ಸಿದ್ದಕ್ಕ ವಾರದ ದಿನಗಳಲ್ಲಿ ಮುಧೋಳಕ್ಕೆ ಬಂದು ಮಗುವನ್ನು ನೋಡಿಕೊಂಡಳು, ಶನಿವಾರ ಹುನ್ನೂರಿಗೆ ಹೋಗುತ್ತಿದ್ದಳು. ಹೊಸ ಹೆಣ್ಣಿಲಿಗಳ ಜೊತೆ ಹೋಲಿಕೆಗೆಂದು ಕೆಲವು ಗಂಡಿಲಿಗಳೂ ಬಂದವು. ಈ ಸಲ ಪುಡಿಯನ್ನು ಗಾಳಿ ಹೊರಗೆಳೆಯುವ ಪೆಟ್ಟಿಗೆಯೊಳಗೇ ಕಲಸಬೇಕೆಂದು ಅನುರಾಧಾ ಪಟ್ಟು ಹಿಡಿದಳು. ಸೌಂದರ್ಯಾಗೆ ಆಗಷ್ಟೇ ಮದುವೆ ನಿಶ್ಚಯವಾಗಿತ್ತು. ಅವಳನ್ನು ಆ ಔಷಧದ ಹತ್ತಿರಕ್ಕೂ ಬಿಡಲಿಲ್ಲ.

ಫಲಿತಾಂಶ ಅವಳು ಮೊದಲು ಕಂಡದ್ದಕ್ಕೆ ಹತ್ತಿರವೇ ಇತ್ತು. ಅವಳ ಇಲಿಗಳಲ್ಲಿ ಔಷಧ ಎರಡೂ ಕಡೆ ಒತ್ತಡ ಇಳಿಸಿತು, ಹೆಣ್ಣಿಲಿಗಳಲ್ಲಿ ಹೆಚ್ಚು ಇಳಿಸಿತು. ಅವುಗಳ ಕಿಡ್ನಿ ಪರೀಕ್ಷಿಸಿದಾಗ ಉರಿ ಎಬ್ಬಿಸುವ ಕಣಗಳ ಜೊತೆಗೆ ಉರಿ ತಣಿಸುವ ಕಣಗಳೂ ಗಂಡಿಗಿಂತ ಹೆಚ್ಚು ಕಂಡವು. ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಒತ್ತಡ ಏರುವ ದಾರಿ ಒಂದೇ ಅಲ್ಲದಿರಬಹುದು ಎಂದು ಅವಳು ಬರೆದಳು. ಇರಬಹುದು ಎಂದಷ್ಟೇ ಬರೆದಳು.

ಆದರೆ ಅವಳು ಎಣಿಸದೇ ಇದ್ದದ್ದೂ ಒಂದು ಆಯಿತು. ಔಷಧ ತಿಂದ ಹೆಣ್ಣಿಲಿಗಳಲ್ಲಿ ಕೆಲವು ಸೊರಗಿದವು. ಒಂದೆರಡಕ್ಕೆ ಉಸಿರಾಟದ ಸೋಂಕು ತಗುಲಿತು. ಒಂದು ಸತ್ತಿತು. ರಕ್ಷಣೆಯ ಕಣಗಳನ್ನು ತಗ್ಗಿಸಿದಾಗ ಹಾಗಾಗುವುದು ಸಹಜ. ಗಂಡಿಲಿಗಳಲ್ಲಿ ಮಾತ್ರ ಆಗಿರಲಿಲ್ಲ. ಹೆಣ್ಣಿಗೆ ಇದೇ ಒಳ್ಳೆಯ ಔಷಧ ಎಂದು ಹೇಳುವ ಆಸೆ ಅವಳಿಗೂ ಒಳಗೊಳಗೇ ಇತ್ತು. ಅದು ಅಲ್ಲಿಗೆ ಹೋಯಿತು. ಒಂದು ಸಂಜೆ ಅವಳು ಅಂಕಿಗಳನ್ನು ಬಸವಕುಮಾರರ ಮುಂದಿಟ್ಟು, ಈ ಸೊರಗಿದ ಇಲಿಗಳನ್ನು ಏನು ಮಾಡೋಣ ಎಂದು ಕೇಳಿದಳು. ಅವರ ಉತ್ತರ ಏನಿರಬಹುದೆಂದು ಅವಳಿಗೆ ಅಳುಕಿತ್ತು.

"ಬರಿ" ಎಂದರು ಅವರು. "ಅದನ್ನೂ ಬರಿ. ಬಿಟ್ರ ಮತ್ಯಾರರ ಕೇಳತಾರ."

ಗಂಡು, ಹೆಣ್ಣು ಎರಡರ ಅಂಕಿಗಳನ್ನೂ ಸೇರಿಸಿ ಲೇಖನ ಪ್ರಕಟವಾಯಿತು. ಹೆಚ್ಚು ಜನ ಓದುವ ಪತ್ರಿಕೆಯೇನೂ ಅಲ್ಲ. ಮನೆಯಲ್ಲಿ ಅದನ್ನು ವಿವರಿಸಿದಾಗ ಸಿದ್ದಕ್ಕ ಗಮನವಿಟ್ಟು ಕೇಳಿದಳು.

"ಹಂಗಾದ್ರ ನನ್ನ ಗುಳಿಗಿ ಬದಲ ಮಾಡಬೇಕೇನ?"

"ಇಲ್ಲಬೇ. ಇದು ಇಲಿ ಮ್ಯಾಲಿಂದು. ಮನಷ್ಯಾರಿಗೆ ಹೆಂಗೋ ಗೊತ್ತಿಲ್ಲ. ನೀ ನಿನ್ನ ಗುಳಿಗಿನ ತಗೋ."

"ಇಷ್ಟ ವರ್ಷ ಮಾಡಿ ಗೊತ್ತಿಲ್ಲ ಅಂತಿ."

"ಹೌದು" ಎಂದಳು ಅನುರಾಧಾ. ಸಿದ್ದಕ್ಕ ಮಗುವಿಗೆ ಅನ್ನ ಕಲಸಲು ಎದ್ದು ಹೋದಳು.

ಮೌಖಿಕ ಪರೀಕ್ಷೆಯ ದಿನ ಧಾರವಾಡದಿಂದ ಬಂದಿದ್ದ ಪರೀಕ್ಷಕರು ಹೆಣ್ಣಿಲಿಗಳ ಹಾರ್ಮೋನಿನ ಏರಿಳಿತದಿಂದ ಅಂಕಿಗಳು ಚೆದುರಲಿಲ್ಲವೇ ಎಂದು ಕೇಳಿದರು. ಚೆದುರಿದವು, ಆದರೆ ಗಂಡಿಲಿಗಳ ಅಂಕಿಗಳೂ ಹೆಚ್ಚುಕಡಿಮೆ ಅಷ್ಟೇ ಚೆದುರಿದವು ಎಂದು ಅವಳು ಪರದೆಯ ಮೇಲೆ ತೋರಿಸಿದಳು. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ, ಮುಂದಿನ ಪ್ರಶ್ನೆಗೆ ಹೋದರು. ಪದವಿ ಸಿಕ್ಕಿತು. ಕೆಳಗೆ ಮರದ ನೆರಳಿನಲ್ಲಿ ಅಮಸಿದ್ದಪ್ಪ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ. ಮಗಳು ಬಂದು ಹೇಳಿದ ಮೇಲೆ, "ಆತಲ್ಲ" ಎಂದು ರುಮಾಲು ಸುತ್ತಿಕೊಂಡ.

ಅನುರಾಧಾ ಈಗ ಅದೇ ಕಾಲೇಜಿನಲ್ಲಿ ಅಧ್ಯಾಪಕಿ. ಸೌಂದರ್ಯಾ ತನ್ನ ಪ್ರಯೋಗವನ್ನು ಮುಗಿಸಿ ಬೆಳಗಾವಿಗೆ ಹೋದಳು. ಬಸವಕುಮಾರ ಹೊಸ ವಿದ್ಯಾರ್ಥಿಗಳಿಗೆ ಗಂಡು, ಹೆಣ್ಣು ಎರಡೂ ಇಲಿ ತರಿಸಿ ಎಂದು ಹೇಳುತ್ತಾರೆ. ಅದು ಯಾರ ಹಟದಿಂದ ಶುರುವಾಯಿತು ಎಂಬುದನ್ನು ಹೇಳುವುದಿಲ್ಲ, ಬಹುಶಃ ಅವರಿಗೆ ನೆನಪೂ ಇಲ್ಲ. ಹೆರಿಗೆಯ ನಂತರ ಅನುರಾಧಾಳ ಒತ್ತಡ ಇಳಿದಿತ್ತು, ಆದರೆ ಪೂರ್ತಿ ಇಳಿಯಲಿಲ್ಲ. ಎರಡು ವರ್ಷದ ಮೇಲೆ ಅವಳಿಗೂ ದಿನಾ ಒಂದು ಗುಳಿಗೆ ಶುರುವಾಯಿತು. ಬಸುರಿನಲ್ಲಿ ಬಿ.ಪಿ. ಬಂದವರು ಮುಂದೆಯೂ ನೋಡಿಕೊಳ್ಳುತ್ತಲೇ ಇರಬೇಕು ಎಂದು ಪೂನಮ್ ಹೇಳಿದ್ದರು.

ಅವಳು ಓದಿದ ಲೇಖನಗಳಲ್ಲಿ ಬರುವ ಹೆಣ್ಣಿಲಿಗಳಲ್ಲಿ ಹೆಚ್ಚಿನವು ಒಮ್ಮೆಯೂ ಮರಿ ಹಾಕದವು. ಅವಳು ತಾನೇ ನೋಡಿದ್ದೂ ಅಂಥವನ್ನೇ. ಕಳೆದ ವರ್ಷ ಅವಳು ಹೊಸ ಯೋಜನೆ ಬರೆದಳು. ಮರಿ ಹಾಕಿದ ಇಲಿಗಳು ಒಂದು ಗುಂಪು, ಹಾಕದವು ಇನ್ನೊಂದು. ಎರಡರಲ್ಲೂ ಉರಿಯೂತ ಒಂದೇ ಬಗೆಯದೇ, ಔಷಧಕ್ಕೆ ಒಂದೇ ರೀತಿ ಬಗ್ಗುತ್ತದೆಯೇ ಎಂಬ ಪ್ರಶ್ನೆ. ಈ ಸಲ ಆರಿಸಿದ್ದು ಅಷ್ಟು ಅಪಾಯಕಾರಿಯಲ್ಲದ ಬೇರೆ ಔಷಧ. ಸಮಿತಿಯ ಒಬ್ಬ ಸದಸ್ಯರು, ಇದ್ದದ್ದನ್ನು ಇನ್ನಷ್ಟು ಗೋಜಲು ಮಾಡುತ್ತಿದ್ದೀರಿ ಎಂದು ಆಕ್ಷೇಪಿಸಿದರು.

"ಗೋಜಲು ಇರೋದ ಹೌದ್ರಿ" ಎಂದಳು ಅನುರಾಧಾ. "ನಾ ಮಾಡಿದ್ದಲ್ಲ."

ಕಡಿಮೆ ಸಂಖ್ಯೆಯ ಇಲಿಗಳಿಗೆ ಒಪ್ಪಿಗೆ ಸಿಕ್ಕಿತು. ಬೇಸಿಗೆಯಲ್ಲಿ ಅಷ್ಟು ದೂರದಿಂದ ಇಲಿಗಳನ್ನು ತರಿಸಿದರೆ ದಾರಿಯಲ್ಲೇ ಸಾಯುತ್ತವೆ. ಮೊದಲ ಮಳೆ ಬಿದ್ದು ಹವೆ ತಣ್ಣಗಾದ ಮೇಲೆ ಕಳಿಸುತ್ತೇವೆ ಎಂದು ಹೈದರಾಬಾದಿನವರು ಹೇಳಿದ್ದಾರೆ. ಅಲ್ಲಿಯವರೆಗೆ ಅನುರಾಧಾ ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದಾಳೆ.